ಮರದ ನೆಲ ಹಾಕಿಸುವ ಮುಂಚೆ ಅದರ ಕೆಳಗಿನ ನೀರು ನೋಡಿ

[ಹತ್ತಿರದಿಂದ: ಕೈಯಲ್ಲಿ ಒಂದು ತೇಗದ ಹಲಗೆ]

ನಮಸ್ಕಾರ. ಈ ಹಲಗೆ ನೋಡಿ. ನಡುವೆ ಉಬ್ಬಿದೆ, ಎರಡೂ ಅಂಚು ತಗ್ಗಿವೆ. ಮರ ಕೆಟ್ಟದ್ದಲ್ಲ, ಒಳ್ಳೇ ತೇಗ. ಕೆಡಿಸಿದ್ದು ನಾನು. ಮರದ ನೆಲ ಹಾಕುವ ಕೆಲಸಕ್ಕೆ ಬಂದು 26 ವರ್ಷ ಆಯ್ತು, ಈ ಒಂದು ಹಲಗೆಯನ್ನು ಮಾತ್ರ ಎಸೆಯದೆ ಇಟ್ಟುಕೊಂಡಿದ್ದೇನೆ.

ಆಗ ಕೆಲಸ ಕಲಿತು ಮೂರ್ನಾಲ್ಕು ವರ್ಷ. ಬೆಂಗಳೂರಿನಲ್ಲಿ ಒಂದು ಹೊಸ ಮನೆ. ಆಷಾಢ ಕಳೆದ ಕೂಡಲೇ ಶ್ರಾವಣದಲ್ಲಿ ಗೃಹಪ್ರವೇಶ, ಕಾರ್ಡು ಹಂಚಿ ಆಗಿತ್ತು. ಗಾರೆಯವರು ನೆಲಕ್ಕೆ ಸಿಮೆಂಟು ಹಾಕಿ ಬರೀ 20 ದಿನ. ನಾನು ಅಂಗೈ ಇಟ್ಟು ನೋಡಿದೆ, ಒಣಗಿದೆ ಅನ್ನಿಸಿತು, ಗಮ್ ಹಚ್ಚಿ ಹಲಗೆ ಕೂರಿಸಿಬಿಟ್ಟೆ. ದೀಪಾವಳಿ ಹೊತ್ತಿಗೆ ಫೋನು ಬಂತು: "ಮೇಸ್ತ್ರಿ, ನೆಲ ಕಾಲಿಗೆ ಒತ್ತುತ್ತಿದೆ, ಸ್ವಲ್ಪ ಬಂದು ನೋಡಿ."

[ಚಿತ್ರ: ಬಟ್ಟಲಿನಂತೆ ಬಾಗಿದ ಹಲಗೆ, ಕೆಳಗೆ ಸಿಮೆಂಟು]

ಆಗಿದ್ದಿಷ್ಟು. ಸಿಮೆಂಟಿನೊಳಗೆ ಉಳಿದಿದ್ದ ನೀರನ್ನು ಹಲಗೆಯ ಅಡಿಭಾಗ ಕುಡಿಯಿತು, ಕುಡಿದು ಹಿಗ್ಗಿತು. ಮೇಲ್ಭಾಗ ಫ್ಯಾನಿನ ಗಾಳಿಗೆ ಒಣಗಿಯೇ ಇತ್ತು. ಕೆಳಗೆ ಅಗಲ ಜಾಸ್ತಿ, ಮೇಲೆ ಕಡಿಮೆ ಆದಾಗ ಅಂಚುಗಳು ಏಳಲೇಬೇಕಲ್ವಾ? ನಾನು ಮರದ ಡಿಪೋದವರನ್ನು ಬೈದೆ, ಆಮೇಲೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಉಜ್ಜುವ ಮಷಿನ್ ತಂದು ಎದ್ದ ಅಂಚುಗಳನ್ನೆಲ್ಲ ಸವೆಸಿ ಮಟ್ಟ ಮಾಡಿದೆ. ಶಿವರಾತ್ರಿ ಹೊತ್ತಿಗೆ ಸಿಮೆಂಟು ಒಣಗಿತು, ಹಲಗೆ ತನ್ನ ಮೊದಲಿನ ಅಗಲಕ್ಕೆ ಮರಳಿತು, ಸವೆದ ಅಂಚು ತಗ್ಗಾಗಿ ನಡು ಮಾತ್ರ ಮೇಲೆ ಉಳಿಯಿತು. ಸುಮ್ನೆ ಕಾದಿದ್ದರೆ ಎಷ್ಟೋ ಹಲಗೆ ತಾವಾಗಿಯೇ ಕೂರುತ್ತಿದ್ದವು. 300 ಚದರ ಅಡಿ ಕಿತ್ತು, ನನ್ನ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆ.

ಮರ ಎಷ್ಟು ಹಿಗ್ಗುತ್ತದೆ ಅಂತ ಜನಕ್ಕೆ ನಂಬಿಕೆ ಬರುವುದಿಲ್ಲ. ತೇಗ ಕಡಿಮೆ ಹಿಗ್ಗುವ ಜಾತಿ. ಆದರೂ ಅದರ ತೇವ ಶೇಕಡಾ 4ರಷ್ಟು ಏರಿದರೆ 90 ಮಿಲಿಮೀಟರಿನ ಒಂದು ಹಲಗೆ ಅಡ್ಡಕ್ಕೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಹಿಗ್ಗಬಹುದು. ಅಂಥ 40 ಹಲಗೆ ಪಕ್ಕಪಕ್ಕ ಇಟ್ಟರೆ 12 ಅಡಿ ಕೋಣೆ. ಒಟ್ಟು ಲೆಕ್ಕ ಒಂದು ಇಂಚು! ಉದ್ದಕ್ಕೆ ಮಾತ್ರ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಅದಕ್ಕೇ ಗೋಡೆ ಪಕ್ಕ ಜಾಗ ಬಿಡುವುದು, ಆ ಜಾಗ ಸ್ಕರ್ಟಿಂಗ್, ಅಂದರೆ ಗೋಡೆ ಬುಡದ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ. "ಸಂದು ಯಾಕೆ ಬಿಟ್ರಿ, ತುಂಬಿಸಿ" ಅನ್ನುವವರಿದ್ದಾರೆ. ದಯವಿಟ್ಟು ತುಂಬಿಸಬೇಡಿ. ಹೋಗಲು ಜಾಗ ಇಲ್ಲದ ಮರ ಕೋಣೆ ನಡುವೆ ಡೇರೆಯ ಹಾಗೆ ಎದ್ದು ನಿಲ್ಲುತ್ತದೆ.

ಮಲೆನಾಡಿನ ಹಳೇ ಮನೆಗಳ ಉಪ್ಪರಿಗೆ ನೋಡಿದ್ದೀರಾ? ತೊಲೆ ಮೇಲೆ ಹಲಗೆ, ಮೇಲೂ ಗಾಳಿ, ಕೆಳಗೂ ಗಾಳಿ. ಅಷ್ಟು ಮಳೆಯಲ್ಲೂ ಹಲಗೆ ಎರಡೂ ಕಡೆ ಒಂದೇ ಸಮ ನೆನೆದು ಒಂದೇ ಸಮ ಒಣಗುತ್ತದೆ. ನಾವು ಒಂದು ಬದಿಯನ್ನು ಸಿಮೆಂಟಿಗೆ ಅಂಟಿಸಿ ಕಟ್ಟಿಹಾಕುತ್ತೇವೆ, ತೊಂದರೆ ಶುರುವಾಗುವುದೇ ಅಲ್ಲಿ.

ಹಾಗಾದರೆ ಏನು ಮಾಡಬೇಕು? ಸಿಮೆಂಟು ಒಂದಿಂಚು ದಪ್ಪ ಇದ್ದರೆ ಹತ್ತಿರ ಹತ್ತಿರ ಒಂದು ತಿಂಗಳು ಬಿಡಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ತೇವ ಅಳೆಯುವ ಮೀಟರ್ ಇಲ್ಲದ ಮೇಸ್ತ್ರಿಗೆ ಕೆಲಸ ಕೊಡಬೇಡಿ, ಇದನ್ನು ಖಂಡಿತವಾಗಿ ಹೇಳುತ್ತೇನೆ. ಹಲಗೆಯ ತೇವವನ್ನೂ ನಿಮ್ಮೆದುರಿಗೇ ಅಳೆಯಲಿ.

ಲ್ಯಾಮಿನೇಟ್ ಬಗ್ಗೆ ಒಂದೇ ಮಾತು. ಅದು ಮರದ ನಾರನ್ನು ಒತ್ತಿ ಮಾಡಿದ ಹಾಳೆ, ಮೇಲೆ ಮರದ ಚಿತ್ರ. ನೀರು ಕುಡಿದು ಊದಿಕೊಂಡರೆ ಮೊದಲಿನ ಹಾಗಾಗುವುದಿಲ್ಲ, ಉಜ್ಜಲೂ ಬರುವುದಿಲ್ಲ. ಯಾವುದೇ ಇರಲಿ, ಒರೆಸುವ ಬಟ್ಟೆಯನ್ನು ಚೆನ್ನಾಗಿ ಹಿಂಡಿ.

ಇನ್ನೊಂದು, ಇದು ನೀರಿನ ವಿಷಯ ಅಲ್ಲ, ಆದರೂ ಹೇಳದೆ ಇರಲಾರೆ. ಮರಕ್ಕೆ ಅಗಸೆ ಎಣ್ಣೆ ಹಚ್ಚಲು ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೊಳಗೇ ಬಿಸಿಯಾಗಿ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ.

[ನೆಲದ ಮೇಲೆ ಪ್ಲಾಸ್ಟಿಕ್ ಅಂಟಿಸುವ ದೃಶ್ಯ]

ಕೊನೆಗೆ, ಸಿಮೆಂಟು ಒಣಗಿದೆಯೋ ಇಲ್ಲವೋ ಅಂತ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಗಾಳಿಯಾಡದ ಹಾಗೆ ಟೇಪು. 24 ಗಂಟೆ ಬಿಟ್ಟು ಎತ್ತಿ. ಅಡಿಯಲ್ಲಿ ಹನಿ ಕಂಡರೆ, ಇಲ್ಲ ಸಿಮೆಂಟಿನ ಬಣ್ಣ ಕಪ್ಪಾಗಿದ್ದರೆ, ಮೇಸ್ತ್ರಿಗೆ ಈಗ ಬರಬೇಡಿ ಅಂತ ಫೋನ್ ಮಾಡಿ. ಹನಿ ಕಾಣದಿದ್ದರೂ ಮೀಟರಿನಲ್ಲಿ ಒಮ್ಮೆ ನೋಡಿಯೇ ಹಲಗೆ ಇಳಿಸಿಕೊಳ್ಳಿ.