ಗ್ಲಾಕೋಮಾ ಆಪರೇಷನ್ ಆಯ್ತು, ಮುಗೀತು ಅನ್ನಬೇಡಿ

ಎಲ್ಲರಿಗೂ ನಮಸ್ಕಾರ. ಕಳೆದ ವಿಡಿಯೋಗೆ ಸೋಮವಾರಪೇಟೆ ಕಡೆಯವರೊಬ್ಬರು ಕಮೆಂಟ್ ಹಾಕಿದ್ದಾರೆ. "ಅಪ್ಪನಿಗೆ ಗ್ಲಾಕೋಮಾ ಆಪರೇಷನ್ ಮಾಡಿಸಿದೆವು. ದೃಷ್ಟಿ ಒಂಚೂರೂ ಜಾಸ್ತಿ ಆಗಲಿಲ್ಲ. ದುಡ್ಡು ದಂಡ. ಇನ್ನು ಆಸ್ಪತ್ರೆ ಕಡೆ ತಲೆ ಹಾಕಲ್ಲ." ಅದಕ್ಕೆ ರಾಶಿ ಲೈಕ್ ಬೇರೆ! ಓದಿ ಹೊಟ್ಟೆ ಉರಿಯಿತು.

ಅಣ್ಣಾ, ಇದು ಪೊರೆ ಆಪರೇಷನ್ ಅಲ್ಲ. ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಶರ್ ಹೆಚ್ಚಾಗಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಹಾಳಾದ ನರ ಮತ್ತೆ ಚಿಗುರುವುದಿಲ್ಲ. ಇರುವ ದೃಷ್ಟಿ ಉಳಿಯಲಿ ಅಂತ ಆ ಪ್ರೆಶರ್ ಇಳಿಸುತ್ತಾರೆ, ಅಷ್ಟೇ. ಇಳಿದದ್ದು ಇಳಿದೇ ಇದೆಯಾ ಅಂತ ತಿಳಿಯಲು ತೋರಿಸುತ್ತಲೇ ಇರಬೇಕು.

ಟ್ರಾಬೆಕ್ಯುಲೆಕ್ಟಮಿ ಅಂತ ಗ್ಲಾಕೋಮಾಕ್ಕೆ 1968ರಿಂದ ನಡೆದು ಬಂದ ಆಪರೇಷನ್ ಇದೆ. ಕಣ್ಣೊಳಗಿನ ನೀರು ಹೊರಗೆ ಇಳಿಯಲು ಸಣ್ಣ ದಾರಿ ಮಾಡುತ್ತಾರೆ. ಮೇಲಿನ ರೆಪ್ಪೆ ಎತ್ತಿದರೆ ಬಿಳಿ ಭಾಗದಲ್ಲಿ ಪುಟ್ಟ ಗುಳ್ಳೆ ಕಾಣುತ್ತದೆ, ನೀರು ಸೇರುವುದು ಅಲ್ಲಿಗೆ. ಆದರೆ ಗಾಯ ಮಾಯುವುದು ದೇಹದ ಸ್ವಭಾವ, ಆ ದಾರಿಯನ್ನೂ ಮುಚ್ಚಲು ನೋಡುತ್ತದೆ. ತೋಟದ ಚರಂಡಿಯನ್ನು ಒಂದು ಸಲ ತೋಡಿ ಹಾಗೇ ಬಿಡುತ್ತೀರಾ? ಮಳೆಗೆ ಮುಂಚೆ ಬಿಡಿಸುತ್ತೀರಲ್ವಾ?

ಲೆಕ್ಕ ಬೇಕಾ? ಮೊದಲೇ ಕಣ್ಣಿನ ಆಪರೇಷನ್ ಆಗಿದ್ದವರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2012ರಲ್ಲಿ ಬಂತು. 5 ವರ್ಷದಲ್ಲಿ, ನೀರು ಇಳಿಯಲು ಕಣ್ಣಿಗೆ ಸಣ್ಣ ಟ್ಯೂಬ್ ಹಾಕಿಸಿಕೊಂಡವರಲ್ಲಿ ಶೇ. 29.8, ಟ್ರಾಬೆಕ್ಯುಲೆಕ್ಟಮಿ ಆದವರಲ್ಲಿ ಶೇ. 46.9 ಮಂದಿಗೆ ಆಪರೇಷನ್ ಫೇಲ್. ಫೇಲ್ ಅಂದರೆ ಕುರುಡು ಅಂತಲ್ಲ. ಪ್ರೆಶರ್ ಹತೋಟಿಗೆ ಬಾರದ್ದು, ಮತ್ತೆ ಆಪರೇಷನ್ ಬೇಕಾದದ್ದು, ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತದೆ. ಬೇಗ ಗೊತ್ತಾದರೆ ಡ್ರಾಪ್ಸ್ ಇದೆ, ಇನ್ನೊಂದು ಆಪರೇಷನ್ ಇದೆ. ತೋರಿಸದೆ ಗೊತ್ತಾಗುವುದು ಹೇಗೆ?

"ನೋವೇ ಇಲ್ಲವಲ್ಲ" ಅಂತೀರಿ. ಹೆಚ್ಚಿನವರಿಗೆ ಗ್ಲಾಕೋಮಾ ನೋವು ಕೊಡುವುದೇ ಇಲ್ಲ ಸ್ವಾಮಿ! "ಮೈಸೂರು ದೂರ." ಮದುವೆ ಸೀರೆಗೆ ಹೋಗುವಾಗ ಹತ್ತಿರವಾ? "ಕಾಫಿ ಕೊಯ್ಲು ಮುಗಿಯಲಿ." ಆಮೇಲೆ ಮೆಣಸು, ಆಮೇಲೆ ಮಳೆ. ಕಣ್ಣು ಕಾಯುತ್ತಾ?

ಇನ್ನೊಂದು ಮಾತು, ಸ್ಕಿಪ್ ಮಾಡಬೇಡಿ. ಆ ಗುಳ್ಳೆಗೆ ವರ್ಷಗಳಾದ ಮೇಲೂ ಸೋಂಕು ತಗಲಬಹುದು. ಕಣ್ಣು ಕೆಂಪಾದರೆ, ನೋವು ಬಂದರೆ, ಪಿಸುರು ಕಟ್ಟಿದರೆ, ದೃಷ್ಟಿ ಮಂಜಾದರೆ, ಇದರಲ್ಲಿ ಯಾವುದೊಂದಾದರೂ ಅವತ್ತೇ ಡಾಕ್ಟರ ಹತ್ತಿರ ಓಡಿ. ಜಡಿಮಳೆ ಇದ್ದರೂ ಸರಿ.

ತೋರಿಸಿ. ಆಪರೇಷನ್ ಆಗಿದ್ದರೂ ತೋರಿಸಿ. ಚೆನ್ನಾಗಿದ್ದರೂ ತೋರಿಸಿ! ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಇದನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ. ಸೋಮವಾರಪೇಟೆ ಅಣ್ಣಾ, ಅಪ್ಪನ ಹಳೇ ಫೈಲ್ ಹುಡುಕಿ ಇಟ್ಟು, ನಾಳೆ ಬೆಳಿಗ್ಗೆ ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಿ.