ಬ್ಯಾಗಿನಲ್ಲೇ ಮಲಗಿದ್ದ ಲೆನ್ಸ್

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮ ಹತ್ತಿರ ಕ್ಯಾಮೆರಾ ಜೊತೆ ಇನ್ನೊಂದೆರಡು ಲೆನ್ಸ್ ಇದ್ದರೆ, ಇವತ್ತು ಒಂದನ್ನು ಹೊರಗೆ ತೆಗೆಯಿರಿ. ಎರಡೂ ಕಡೆಯ ಮುಚ್ಚಳ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಹಾಕಿ, ಇನ್ನೊಂದು ಕಡೆಯಿಂದ ಸ್ವಲ್ಪ ಓರೆಯಾಗಿ ನೋಡಿ.

ನಾನು ಹಾಗೆ ನೋಡಿದ ದಿನ ಕಂಡಿದ್ದು ಜೇಡನ ಬಲೆಯಂಥ ಬಿಳಿ ಎಳೆಗಳು. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಹಬ್ಬಿದ್ದವು. ಒರೆಸಿದೆ, ಹೋಗಲಿಲ್ಲ, ಯಾಕೆಂದರೆ ಅದು ಇದ್ದದ್ದು ಒಳಗಡೆ. ಬೂಷ್ಟು, ನಾವೆಲ್ಲ ಫಂಗಸ್ ಅನ್ನುತ್ತೇವಲ್ಲ, ಅದೇ. ಆ ಲೆನ್ಸ್ ಒಂದು ಸಲವೂ ಕೈಜಾರಿ ಬಿದ್ದಿರಲಿಲ್ಲ. ಮೆತ್ತನೆಯ ಬ್ಯಾಗಿನಲ್ಲಿ, ಕಪಾಟಿನೊಳಗೆ, ಇಡೀ ಮಳೆಗಾಲ ಸುಮ್ನೆ ಮಲಗಿತ್ತು ಅಷ್ಟೇ.

ನಾನು ಎಡವಿದ್ದೂ ಅಲ್ಲೇ. ಬ್ಯಾಗ್ ಇರುವುದು ಹೊತ್ತುಕೊಂಡು ಹೋಗುವುದಕ್ಕೆ, ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಲ್ಲ. ಅದರ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಕತ್ತಲೆ, ಗಾಳಿ ಆಡುವುದಿಲ್ಲ. ಚರ್ಮದ ಕೇಸ್ ಇನ್ನೂ ಕೆಟ್ಟದ್ದು. ಗಾಳಿಯ ತೇವಾಂಶ ಶೇಕಡಾ 60 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಹಬ್ಬ.

ಮನೆಯಲ್ಲಿ ಇಡುವುದಕ್ಕೆ ಡ್ರೈ ಕ್ಯಾಬಿನೆಟ್, ಅಂದರೆ ಒಳಗಿನ ತೇವವನ್ನು ಹದದಲ್ಲಿಡುವ ಪೆಟ್ಟಿಗೆ, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್. ಮುಳ್ಳು 40ರಿಂದ 50ರ ನಡುವೆ ನಿಂತಿರಲಿ. ತೀರಾ ಒಣಗಿಸುವುದೂ ಬೇಡ, ರಬ್ಬರಿಗೆ, ಗ್ರೀಸಿಗೆ ಅದು ಒಗ್ಗುವುದಿಲ್ಲ. ಕಿತ್ತಳೆ ಬಣ್ಣದ ಜೆಲ್ ಸಾಮಾನ್ಯವಾಗಿ ತೇವ ಕುಡಿದ ಮೇಲೆ ಹಸಿರಾಗುತ್ತದೆ. ಹದವಾಗಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಡಬ್ಬಿಯೊಳಗೆ ಜೆಲ್ ಹಾಕಿ ವರ್ಷಗಟ್ಟಲೆ ಮರೆತುಬಿಡುವವರು ಜಾಸ್ತಿ, ನಾನೂ ಮರೆತಿದ್ದೇನೆ.

ಇನ್ನು ಹೊರಗೆ ಹೊರಟಾಗ. ಮುಂದಿನ ಗಾಜಿನ ಬಗ್ಗೆ ಎಲ್ಲರಿಗೂ ಕಾಳಜಿ, ಹಿಂದಿನ ಮುಚ್ಚಳವನ್ನು ಮಾತ್ರ ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತೇವೆ. ಜೇಬಿನ ಧೂಳು ಮುಚ್ಚಳಕ್ಕೆ, ಮುಚ್ಚಳದಿಂದ ಲೆನ್ಸಿಗೆ, ಅಲ್ಲಿಂದ ಸೀದಾ ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ. ಆಮೇಲೆ ತೆಗೆದ ಪ್ರತಿ ಫೋಟೋದ ಆಕಾಶದಲ್ಲೂ ಅದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆ! ನಾನು ಬ್ಯಾಗಿನಲ್ಲಿ ಒಂದು ಖಾನೆ ಯಾವಾಗಲೂ ಖಾಲಿ ಬಿಟ್ಟಿರುತ್ತೇನೆ. ಬಿಚ್ಚಿದ ಲೆನ್ಸ್ ಮೊದಲು ಅಲ್ಲಿ ಕೂರುತ್ತದೆ, ಆಮೇಲೆ ಹೊಸದು ಮೇಲಕ್ಕೆ ಬರುತ್ತದೆ, ಹೀಗಾಗಿ ಎರಡು ಲೆನ್ಸ್, ಒಂದು ಕ್ಯಾಮೆರಾ, ನಾಲ್ಕು ಮುಚ್ಚಳ ಎಲ್ಲ ಒಟ್ಟಿಗೆ ಎರಡೇ ಕೈಯಲ್ಲಿ ಹಿಡಿದು ಸರ್ಕಸ್ ಮಾಡುವುದು ತಪ್ಪುತ್ತದೆ. ಲೆನ್ಸಿಗೂ ಲೆನ್ಸಿಗೂ ನಡುವೆ ಅಡ್ಡಗೋಡೆ ಇರಲೇಬೇಕು. ಜೂಮ್ ಇದ್ದರೆ ಪೂರ್ತಿ ಒಳಗೆಳೆದು ಇಡಿ. ಭಾರದ ಉದ್ದ ಲೆನ್ಸನ್ನು ಕ್ಯಾಮೆರಾಗೆ ಸಿಕ್ಕಿಸಿಕೊಂಡೇ ಓಡಾಡಿದರೆ ಕುಲುಕಾಟವೆಲ್ಲ ಮೌಂಟಿನ ಮೇಲೆ, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಬಳೆಯ ಮೇಲೆ, ಬೀಳುತ್ತದೆ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ, ಕಾವಿಗೆ ಒಳಗಿನ ಗ್ರೀಸ್ ತೆಳುವಾಗಿ, ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರೆಕ್ಕೆಗಳಿಗೆ ಮೆತ್ತಿಕೊಳ್ಳಬಹುದು. ಏಸಿ ರೂಮಿನಿಂದ ಸೆಕೆಗೆ ಬಂದಾಗಲೂ ಅಷ್ಟೇ, ಬ್ಯಾಗ್ ಮುಚ್ಚಿಯೇ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಗಾಜೆಲ್ಲ ಬೆವರುತ್ತದೆ.

ಅಂದಹಾಗೆ ಆ ಬೂಷ್ಟು ಹಿಡಿದ ಲೆನ್ಸ್ ಇನ್ನೂ ನನ್ನ ಹತ್ತಿರ ಇದೆ. ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು, ಎಳೆಗಳು ಹೋದವು, ಆದರೆ ಅವು ಗಾಜಿನ ಮೇಲಿನ ತೆಳು ಲೇಪ, ಅಂದರೆ ಕೋಟಿಂಗ್, ತಿಂದ ಗುರುತು ಹೋಗಲಿಲ್ಲ. ಎದುರು ಬಿಸಿಲಿಗೆ ಹಿಡಿದರೆ ಚಿತ್ರ ಈಗಲೂ ಮಂಕು. ಅದಕ್ಕೆ ಬೇರೆ ಡಬ್ಬಿ ಕೊಟ್ಟಿದ್ದೇನೆ, ಉಳಿದವುಗಳ ಜೊತೆ ಸೇರಿಸಿಲ್ಲ. ನಮಸ್ಕಾರ.