ಓದಿ ನೋಡು, ಬರೆದಿಡು

ಕೇಳುಗರೇ, ನಮಸ್ಕಾರ.

ಗುರುಗಳಿಲ್ಲದೆ, ಪುಸ್ತಕವೊಂದನ್ನೇ ಮುಂದಿಟ್ಟುಕೊಂಡು ನಾನು ಜಪಾನಿ ಕಲಿಯತೊಡಗಿದೆ. ಪುಸ್ತಕ ಇಂಗ್ಲಿಷಿನದು. ಹಿರಗಾನ ಲಿಪಿಯ 46 ಅಕ್ಷರಗಳು ಬೇಗ ಕೈಗೆ ಹತ್ತಿದವು. ವ್ಯಾಕರಣ ಮಾತ್ರ ತಲೆಗೆ ಹತ್ತಲಿಲ್ಲ.

'ವತಶಿ ವ ಇನು ಗ ಸುಕಿ.' ವತಶಿ ಎಂದರೆ ನಾನು, 'ವ' ಮಾತಿನ ವಿಷಯ ಯಾವುದೆಂದು ತೋರಿಸುವ ಪ್ರತ್ಯಯ, ಇನು ಎಂದರೆ ನಾಯಿ. ಇನು ಆದಮೇಲೆ 'ಗ' ಬರಬೇಕು. ನಾನು ಪ್ರತಿ ಸಲವೂ 'ಒ' ಹಾಕುತ್ತಿದ್ದೆ. 'ಒ' ನಮ್ಮ 'ಅನ್ನು' ಇದ್ದ ಹಾಗೆ, ಇಂಗ್ಲಿಷಿನ ಲೆಕ್ಕದಲ್ಲಿ ನಾಯಿ ಕರ್ಮಪದ. ಒಂದು ರಾತ್ರಿ ಬೇಸತ್ತು ಅದನ್ನೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಂಡೆ: ನನಗೆ ನಾಯಿ ಇಷ್ಟ. ಎಲ್ಲಿದೆ 'ಅನ್ನು'? ನಾವೂ ನಾಯಿಯನ್ನು ಇಷ್ಟ ಎನ್ನುವುದಿಲ್ಲವಲ್ಲ! 'ನೀರು ಬೇಕು' ಎಂದರೆ 'ಮಿಝು ಗ ಹೊಶೀ'. 'ಜಪಾನಿ ಅರ್ಥವಾಗುತ್ತದೆ' ಎಂದರೆ 'ನಿಹೊಂಗೊ ಗ ವಕರು'. ಇಷ್ಟ, ಬೇಕು, ಅರ್ಥವಾಗು, ಮೂರರಲ್ಲೂ ಎರಡು ಭಾಷೆಗಳ ನಡೆ ಒಂದೇ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಂದಿನಿಂದ ಇಂಗ್ಲಿಷ್ ಅನುವಾದದ ಸಾಲನ್ನು ಕೈಯಿಂದ ಮುಚ್ಚಿ ಓದತೊಡಗಿದೆ. ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿ ನಾಮಪದದ ಹಿಂದೆ ಹತ್ತುವುದು, ಇವೆಲ್ಲ ನಮಗೆ ಹೊಸತಲ್ಲ. ಪುರುಷ, ಲಿಂಗ, ವಚನಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗದಿರುವುದೊಂದು ಹೊಸತು. ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ, ಎಲ್ಲಕ್ಕೂ 'ಇಕು' ಸಾಕು.

ನನ್ನ ಮನಸ್ಸು ಸೋತದ್ದು 'ತೆ' ರೂಪಕ್ಕೆ. ಕಕು ಎಂದರೆ ಬರೆ, ಕೈತೆ ಎಂದರೆ ಬರೆದು. ಯೊಮು ಎಂದರೆ ಓದು, ಯೊಂದೆ ಎಂದರೆ ಓದಿ. ಈ ಬದಲಾವಣೆಗಳಿಗೆ ಪುಸ್ತಕದಲ್ಲಿ ಪುಟ ತುಂಬ ಕೋಷ್ಟಕ. ಕೊಲ್ಲು ಕೊಂದು ಆಗುವುದನ್ನು, ನಿಲ್ಲು ನಿಂತು ಆಗುವುದನ್ನು ನಾವು ಯಾವ ಕೋಷ್ಟಕದಿಂದ ಕಲಿತೆವು? ಹಾಗೆಯೇ ಬಾಯಲ್ಲಿ ಆಡಿಸುತ್ತಾ ಹೋದೆ. ಇನ್ನು ಮುಂದಿನದು ಕೇಳಿ. ಮಿರು ಎಂದರೆ ನೋಡು. 'ಯೊಂದೆ ಮಿರು', ಓದಿ ನೋಡು. ಒಕು ಎಂದರೆ ಇಡು. 'ಕೈತೆ ಒಕು', ಬರೆದಿಡು. 'ವಸುರೆತೆ ಶಿಮತ್ತ', ಮರೆತುಬಿಟ್ಟೆ. ಆ 'ಬಿಟ್ಟೆ'ಯಲ್ಲಿರುವ ಅಯ್ಯೋ ಎಂಬ ಭಾವವೂ ಅಲ್ಲಿದೆ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಆ ಪುಸ್ತಕಕ್ಕೆ ಒಂದು ಅಧ್ಯಾಯವೇ ಬೇಕಾಗಿತ್ತು.

ಕನ್ನಡ ಕೈಕೊಡುವ ಜಾಗಗಳೂ ಇವೆ. 'ಮನೆಯಲ್ಲಿ ಇದ್ದೇನೆ', 'ಮನೆಯಲ್ಲಿ ಓದುತ್ತೇನೆ', ಎರಡಕ್ಕೂ ನಮ್ಮದು ಒಂದೇ 'ಅಲ್ಲಿ'. ಜಪಾನಿಯಲ್ಲಿ ಇರುವುದಕ್ಕೆ 'ಉಚಿ ನಿ', ಓದುವುದಕ್ಕೆ 'ಉಚಿ ದೆ'. ಈಗಲೂ ಬರೆಯುವಾಗ ಇಲ್ಲಿ ನನ್ನ ಕೈ ತಡೆಯುತ್ತದೆ.

'ವ', 'ಗ'ಗಳ ವ್ಯತ್ಯಾಸ ಇನ್ನೂ ಸೂಕ್ಷ್ಮ. ನಿಯಮ ಉರುಹೊಡೆಯುವುದನ್ನು ಬಿಟ್ಟು ಒಂದು ಹಾಳೆಯಲ್ಲಿ ಜೋಡಿ ವಾಕ್ಯಗಳನ್ನು ಕೂಡಿಸುತ್ತಿದ್ದೇನೆ. ನಿನ್ನೆ ಕಿಟಕಿಯಾಚೆ ನೋಡಿ ಬರೆದದ್ದು: 'ಅಮೆ ಗ ಫುತ್ತೆ ಇರು', ಮಳೆ ಬರುತ್ತಿದೆ. ಆಗಷ್ಟೇ ಕಣ್ಣಿಗೆ ಬಿದ್ದ ಮಳೆ, ಅದಕ್ಕೆ 'ಗ'. ಅರ್ಧ ಗಂಟೆಯ ಮೇಲೆ ಅದರ ಕೆಳಗೇ ಬರೆದೆ: 'ಅಮೆ ವ ಯಂದ'. ಆ ಮಳೆ ನಿಂತಿತು.